ಅರ್ಧ ತಾಸಿನ ಕ್ಯಾಮೆರಾ

ಮಾತಾಡುವಾಗ ಆಕೆಯ ತುಟಿಗಳ ನಡುವೆ ಯಾವಾಗಲೂ ಎರಡೋ ಮೂರೋ ಗುಂಡುಸೂಜಿ ಇರುತ್ತಿದ್ದವು. ಬಾಯಿಯ ಒಂದು ಮೂಲೆಯಿಂದ ಮಾತು ಹೊರಡಿಸುವುದನ್ನು ಎಷ್ಟು ವರ್ಷಗಳಿಂದ ರೂಢಿ ಮಾಡಿಕೊಂಡಿದ್ದಳೋ, ಸೂಜಿ ಇಲ್ಲದಾಗಲೂ ಹಾಗೆಯೇ ಮಾತಾಡುತ್ತಿದ್ದಳು. ಹೊಸಬರು ಆಕೆಗೆ ಸಿಟ್ಟು ಬಂದಿದೆ ಎಂದು ತಿಳಿಯುತ್ತಿದ್ದರು. ಆಕೆಗೆ ಸಿಟ್ಟು ಬಂದದ್ದನ್ನು ನಾನಂತೂ ಒಮ್ಮೆಯೂ ಕಾಣಲಿಲ್ಲ. ಕಂಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ರಾಯಬಾಗದಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಆಕೆಯ ಮನೆ. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು, ಊರಿಗೆಲ್ಲ ‘ಬಾಯಾರು’. ಆಕೆ ನಮ್ಮ ಓಣಿಯ ಟೇಲರ್. ಮುಂದಿನ ಖೋಲಿಯಲ್ಲಿ ಎರಡು ಹೊಲಿಗೆ ಮಷೀನು, ಗೋಡೆಗೆ ಒಂದು ಉದ್ದ ಕನ್ನಡಿ, ಕೊರಳಲ್ಲಿ ಟೇಪು. ಆ ಟೇಪನ್ನು ತೆಗೆಯುವುದು ಮರೆತು ಸಂತೆಗೂ ಹೋಗುತ್ತಿದ್ದಳು, ಬಸ್ಸನ್ನೂ ಹತ್ತುತ್ತಿದ್ದಳು. ಗಂಡ ಕಬ್ಬಿನ ಹಂಗಾಮಿನಲ್ಲಿ ಫ್ಯಾಕ್ಟರಿಯಲ್ಲಿ ಗಾಡಿ ತೂಗುವ ಕಾಟಾದ ಮುಂದೆ ಕೂಡುತ್ತಿದ್ದ, ಉಳಿದ ದಿನ ಮನೆಯ ಮುಂದೆ ಕೂಡುತ್ತಿದ್ದ. ಮಕ್ಕಳಿರಲಿಲ್ಲ. ಹೋದ ತಿಂಗಳು ತೀರಿಕೊಂಡಳು. ಐವತ್ತೂ ತುಂಬಿರಲಿಲ್ಲ. ನನಗೆ ಎಪ್ಪತ್ತನಾಲ್ಕು. ದೇವರ ಅರಿಥ್ಮೆಟಿಕ್ ನನಗೆ ಎಂದೂ ತಿಳಿದಿಲ್ಲ.

ಅಳತೆ ತೆಗೆದುಕೊಳ್ಳುವುದರಲ್ಲಿ ಆಕೆಗೆ ಒಂದು ನಯವಿತ್ತು. ಒಮ್ಮೆ ನಾನು, “ಹೋದ ವರ್ಷದ್ದ ಸೈಜ್ ಇರಲಿ, ಮೂವತ್ತಾರ” ಎಂದೆ. ಆಕೆ ಟೇಪು ಸುತ್ತಿದಳು, ನೋಡಿದಳು, ಚೀಟಿಯಲ್ಲಿ ಮೂವತ್ತಾರು ಎಂದೇ ಬರೆದಳು. ಬ್ಲೌಸು ಬಂದಾಗ ಮೈಗೆ ಸರಿಯಾಗಿ ಕೂತಿತ್ತು. ಹೇಗೆ ಎಂದು ಕೇಳಿದರೆ ನಕ್ಕುಬಿಟ್ಟಳು. “ಬಾಯಿ ಮೂವತ್ತಾರ ಅಂತೈತ್ರಿ, ಟೇಪ ಮೂವತ್ತೊಂಬತ್ತ ಅಂತೈತಿ. ನಾ ಹೊಲಿಯೂದ ಟೇಪಿನ ಮಾತ್ ಕೇಳಿ. ಬರಿಯೂದ ಬಾಯಿ ಮಾತ್ ಕೇಳಿ. ಮಂದಿ ಮರ್ಯಾದಿನೂ ಬಟ್ಟಿನ ಅಲ್ಲೇನ್ರಿ, ಹರೀಬಾರದ.”

ಆಕೆಗೆ ಕ್ಯಾಮೆರಾದ ಹುಚ್ಚು ಹಿಡಿಸಿದವರು ಕುಡಚಿಯ ಹೆಣ್ಣುಮಕ್ಕಳು. ಅಲ್ಲಿಯ ಮುಸ್ಲಿಂ ಮನೆಗಳ ಮದುವೆಯ ಬಟ್ಟೆ ಎಷ್ಟೋ ಆಕೆಯ ಕೈಯಿಂದಲೇ ಹೋಗುತ್ತಿದ್ದವು. ಹೊಲಿದದ್ದನ್ನು ಒಯ್ದು, ಒಳಕೋಣೆಯಲ್ಲಿ ಮದುಮಗಳಿಗೆ ತಾನೇ ತೊಡಿಸಿ, ಅಲ್ಲೇ ಸೂಜಿ ಹಾಕಿ ಸರಿಮಾಡಿ ಬರುತ್ತಿದ್ದಳು. ಒಮ್ಮೆ ಒಂದು ಮೆಹಂದಿಯ ದಿನ ಆ ಮನೆಯ ಹಿರಿಯಳು ಅಂದಳಂತೆ, “ಹೆಣ್ಣಮಕ್ಕಳು ಕೂತಲ್ಲಿ ಗಂಡಸ್ರ ಕ್ಯಾಮೆರಾ ನಮಗ ನಡಿಯಾಂಗಿಲ್ಲ. ನಿನ್ನ ಎಲ್ಲಾ ಮನ್ಯಾಗೂ ಒಳಗ ಬಿಡತಾರ. ನೀನ ಯಾಕ ಒಂದ್ ಕ್ಯಾಮೆರಾ ಹಿಡೀಬಾರದಬೇ?”

ಲಾಕ್‌ಡೌನ್ ಮುಗಿದ ಮರುವರ್ಷ ಅದು. ಆಕೆ ಆರು ತಿಂಗಳು ಆ ಮಾತನ್ನು ಒಳಗೇ ಇಟ್ಟುಕೊಂಡಳು. ಆಮೇಲೆ ಒಂದು ಮಧ್ಯಾಹ್ನ ಮೊಬೈಲು ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು. ಅದರೊಳಗೆ ಯಾರೋ ಅಮೆರಿಕದವನು ಕ್ಯಾಮೆರಾಗಳ ಬಗ್ಗೆ ಪಟಪಟ ಮಾತಾಡುತ್ತಿದ್ದ.

“ಬಾಯಾರ, ಇಂವ ಏನ್ ಹೇಳಾಕತ್ತಾನ ಒಂಚೂರ್ ಹೇಳ್ರಿ. ಇಂವನ ಮಾರಿ ನೋಡಿದ್ರ ಏನೋ ಭಾಳ ಚಲೋ ಸುದ್ದಿ ಐತಿ ಅನಸತೈತಿ.”

ನನಗೆ ಎಂಥ ಹಿಗ್ಗು! ರಿಟೈರ್ ಆದ ಮೇಲೆ ನನ್ನ ಇಂಗ್ಲಿಷ್ ಯಾರಿಗೂ ಬೇಕಾಗಿರಲಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದು ತಿದ್ದಿದ ಪ್ರೊನನ್ಸಿಯೇಶನ್ ನನ್ನದು. ಅದು ಗ್ಯಾಸ್ ಬುಕಿಂಗಿನ ಮೆಸೇಜು ಓದುವ ಮಟ್ಟಕ್ಕೆ ಇಳಿದಿತ್ತು. ಅವತ್ತಿನಿಂದ ದಿನವೂ ಮಧ್ಯಾಹ್ನ ನಮ್ಮ ಕ್ಲಾಸು ಶುರುವಾಯಿತು. ಸೆನ್ಸಾರ್, ಅಪರ್ಚರ್, ಫ್ರೇಮ್ ರೇಟ್. ನಾನು ಓದಿ ಓದಿ ಹೇಳಿದೆ. ಫ್ರ್ಯಾಂಕ್ ಆಗಿ ಬರೆಯುತ್ತೇನೆ, ಅದರಲ್ಲಿ ಅರ್ಧ ನನಗೂ ತಿಳಿಯುತ್ತಿರಲಿಲ್ಲ. ತಿಳಿಯಲಿಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ.

ಆಕೆ ಮಾತ್ರ ತನ್ನ ಹೊಲಿಗೆಯ ಮೂಲಕವೇ ಎಲ್ಲವನ್ನೂ ತಿಳಿದುಕೊಂಡಳು. ಟ್ರೈಪಾಡ್ ಅಂದರೆ ಮಷೀನಿನ ಸ್ಟ್ಯಾಂಡು, ಅದು ಅಲುಗಿದರೆ ಹೊಲಿಗೆ ಸೊಟ್ಟ. ಆದ್ದರಿಂದ ಹಗುರದ್ದು ಬೇಡ. ಬ್ಯಾಟರಿ ಅಂದರೆ ದಾರ ಸುತ್ತಿದ ಬಾಬಿನ್ನು, ನಡುವೆ ಮುಗಿಯುವುದೇ ಅದರ ಗುಣ, ಆದ್ದರಿಂದ ಮೂರಾದರೂ ತುಂಬಿಸಿ ಇಟ್ಟುಕೊಂಡಿರಬೇಕು. ಲೈಟು ಮಾರಿಗೆ ಹೊಡೆಯಬಾರದು, ಮೆಹಂದಿ ಹಚ್ಚಿಕೊಂಡ ಹುಡುಗಿ ಕೈಯಿಂದ ಕಣ್ಣು ಮುಚ್ಚಿಕೊಳ್ಳಲಿಕ್ಕೂ ಆಗುವುದಿಲ್ಲ. ಮೈಕು ಬೇರೆ ಬೇಕೇ ಬೇಕು. “ಹೆಣ್ಣಮಕ್ಕಳ ಲಗ್ನ ಕಣ್ಣಿಗಿಂತ ಕಿವ್ಯಾಗ ಜಾಸ್ತಿ ಇರತೈತ್ರಿ” ಅಂದಿದ್ದಳು. ಯಾವ ರಿವ್ಯೂದಲ್ಲಿಯೂ ನಾನು ಇಂಥ ಮಾತು ಓದಲಿಲ್ಲ.

ಎರಡು ಮಷೀನುಗಳಲ್ಲಿ ಒಂದನ್ನು ಮಾರಿದಳು. ಇಬ್ಬರೂ ಕುಡಚಿ ಸ್ಟೇಶನ್ನಿಗೆ ಹೋಗಿ ಪ್ಯಾಸೆಂಜರ್ ಹಿಡಿದು ಮಿರಜಕ್ಕೆ ಹೋದೆವು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾದ ಅಂಗಡಿ ಅದು. ಮಾಲೀಕ ಮರಾಠಿಯವನು, ಬಹಳ ಮರ್ಯಾದಸ್ಥ. ಗಾಜಿನ ಮೇಲೆ ಎರಡು ಕ್ಯಾಮೆರಾ ಇಟ್ಟ. ಒಂದು ಹಳೇ ನಮೂನೆಯ ಕ್ಯಾಮ್‌ಕಾರ್ಡರ್, ಕಪ್ಪು ಡಬ್ಬಿಯ ಹಾಗೆ, ಮೇಲೊಂದು ಹಿಡಿಕೆ. ಇನ್ನೊಂದು ಡಿಎಸ್‌ಎಲ್‌ಆರ್, ಲೆನ್ಸ್ ಸಮೇತ, ನೋಡಲಿಕ್ಕೆ ಚೆಂದ.

ಆಕೆ ಕಪ್ಪು ಡಬ್ಬಿಯನ್ನು ಎತ್ತಿ ಹೆಗಲಿಗೆ ಆನಿಸಿಕೊಂಡು ಸುಮ್ಮನೆ ನಿಂತಳು. ಹತ್ತು ನಿಮಿಷ ನಿಂತಳು. ಅಂಗಡಿಯವನಿಗೆ ಕಸಿವಿಸಿ.

“ಮಾವಶಿ, ಕಾಯ್ ಝಾಲಂ?” ಏನಾಯಿತು ಎಂದು ಕೇಳಿದ.

“ಏನಿಲ್ಲರಿ. ಕೈ ಯಾವಾಗ ನೋಯತೈತಿ ನೋಡಾಕತ್ತೀನಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಇದ ಎಷ್ಟೊತ್ತ ಓಡತೈತ್ರಿ ಬಾಯಾರ, ಕೇಳ್ರಿ. ನನಗ ದಾರ ಮುಗಿಯೂತನಾ ಓಡೂದ ಬೇಕು.”

ಅದು ಕಾರ್ಡು ತುಂಬುವವರೆಗೂ ಓಡುತ್ತದೆ ಎಂದ ಮಾಲೀಕ. ಆಕೆಯ ಮುಖ ಅರಳಿತು. ನನಗೆ ಸಹಿಸಲಾಗಲಿಲ್ಲ. ತಿಂಗಳುಗಟ್ಟಲೆ ನಾನು ಓದಿ ಹೇಳಿದ್ದು ಇನ್ನೊಂದರ ಬಗ್ಗೆ. ನಾನು ಡಿಎಸ್‌ಎಲ್‌ಆರ್ ಎತ್ತಿ ತೋರಿಸಿದೆ. ಮುಂದಿನವರು ಕ್ಲಿಯರ್, ಹಿಂದಿನದೆಲ್ಲ ಮಂಜಿನ ಹಾಗೆ, ಸಿನಿಮಾದಲ್ಲಿ ಇರುವುದಿಲ್ಲವೇ, ಅದಕ್ಕೆ ‘ಬೊಕೆ’ ಅನ್ನುತ್ತಾರೆ ಎಂದೆ. ಆ ಶಬ್ದವನ್ನು ಎರಡು ಸಲ ಅಂದೆ, ಸರಿಯಾದ ಪ್ರೊನನ್ಸಿಯೇಶನ್ನಿನಲ್ಲಿ.

ಆಕೆ ಬಗ್ಗಿ ನೋಡಿದಳು. “ಹಿಂದಿಂದ ಮಬ್ಬ ಆಗೂದ ಯಾಕ ಬೇಕ್ರಿ? ಹಿಂದ ನಿಂತಾಕಿನೂ ಹೊಸಾ ಸೀರಿ ಉಟಗೊಂಡ ಬಂದಿರತಾಳಲ್ಲ?”

“ಈಗ ಎಲ್ಲಾರಿಗೂ ಇದ ಬೇಕಾಗೇತಿ. ಆ ಡಬ್ಬಿ ಹಿಡಕೊಂಡ ಹೋದ್ರ ನಗತಾರ ನಿನಗ” ಎಂದೆ.

ಮಾಲೀಕ ಸ್ಪೆಸಿಫಿಕೇಶನ್ನಿನ ಹಾಳೆ ಕೊಟ್ಟ. ನಾನು ಬೆರಳಿಟ್ಟು ಓದುತ್ತ ಹೋದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಒಂದು ಸಲ ಚಾಲೂ ಮಾಡಿದರೆ ವಿಡಿಯೋ ಇಪ್ಪತ್ತೊಂಬತ್ತು ನಿಮಿಷ ಐವತ್ತೊಂಬತ್ತು ಸೆಕೆಂಡಿಗೆ ತಾನಾಗಿಯೇ ನಿಲ್ಲುತ್ತದೆ. ಓದಿದೆ. ತಿಳಿಯಿತು. ಅಷ್ಟೂ ದಿನ ಓದಿದ್ದರಲ್ಲಿ ನನಗೆ ಪೂರಾ ತಿಳಿದ ಸಾಲು ಅದೊಂದೇ ಇರಬೇಕು. ಹೇಳಿದರೆ ಈಕೆ ಕಪ್ಪು ಡಬ್ಬಿಯನ್ನೇ ತಗೊಳ್ಳುತ್ತಾಳೆ ಎಂದುಕೊಂಡೆ. ಅಕ್ಷತೆ ಬೀಳಲಿಕ್ಕೆ ಎಷ್ಟು ಹೊತ್ತು, ಐದು ನಿಮಿಷ, ಹತ್ತು ನಿಮಿಷ, ಅರ್ಧ ತಾಸು ಯಾರಿಗೆ ಬೇಕು ಎಂದೂ ಅಂದುಕೊಂಡೆ. ಹಾಳೆ ಮಡಚಿ ಆಕೆಯ ಕೈಯಲ್ಲಿಟ್ಟು, “ಎಲ್ಲಾ ಫಸ್ಟ್ ಕ್ಲಾಸ್ ಐತಿ” ಎಂದೆ.

ಆಕೆ ನನ್ನ ಮುಖವನ್ನೊಮ್ಮೆ ನೋಡಿದಳು. “ನೀವ್ ಅಂದ್ರ ಮುಗೀತ್ರಿ” ಎಂದಳು.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಅಷ್ಟನ್ನಾದರೂ ಬರೆಯದಿದ್ದರೆ ತಪ್ಪಾಗುತ್ತದೆ. ಕುಡಚಿಯಲ್ಲಿ ಒಳಕೋಣೆಯ ಕೆಲಸವೆಲ್ಲ ತುಂಡು ತುಂಡು. ಎರಡು ನಿಮಿಷ ಮೆಹಂದಿ, ಐದು ನಿಮಿಷ ಹಾಡು, ಇನ್ನಿಷ್ಟು ನಗೆ. ಆಕೆ ಕೈಯಲ್ಲಿ ಹಿಡಿದೇ ತೆಗೆಯುತ್ತಿದ್ದಳು. ತೆಗೆಯುವಾಗಲೂ ತುಟಿ ಬಿಗಿದಿರುತ್ತಿತ್ತು, ಸೂಜಿ ಅಲ್ಲೇ ಇವೆ ಎಂಬ ಹಾಗೆ. ನಮ್ಮ ಟಿವಿಗೆ ಹಚ್ಚಿ ನನಗೆ ತೋರಿಸುತ್ತಿದ್ದಳು. ಒಂದರಲ್ಲಿ ಮದುಮಗಳ ಹಿಂದೆ ಗೋಡೆಗೆ ಆತು ನಿಂತ ಒಬ್ಬ ಮುದುಕಿ ಇದ್ದಳು, ಹಾಡಿಗೆ ಕಾಲ ಬೆರಳು ಮಾತ್ರ ಕುಣಿಸುತ್ತ. ಆಕೆ ಮದುಮಗಳನ್ನು ಬಿಟ್ಟು ಆ ಬೆರಳನ್ನು ತೆಗೆದಿದ್ದಳು. ಆ ಮನೆಯವರು ಅದನ್ನೇ ಹತ್ತು ಸಲ ನೋಡಿದರಂತೆ.

ಆಗ ನನಗೆ ಹುಮ್ಮಸ್ಸು. ಐನಾಪುರದಲ್ಲಿ ನನ್ನ ಮೈದುನನ ಮಗಳ ಮದುವೆ ಗೊತ್ತಾಗಿತ್ತು. ದ್ರಾಕ್ಷಿ ತೋಟದವರು, ದೊಡ್ಡ ಪೆಂಡಾಲು. ನಾನೇ ಹೇಳಿ ವಿಡಿಯೋ ಆಕೆಗೆ ಕೊಡಿಸಿದೆ. ಮೈದುನನಿಗೆ ಮನಸ್ಸಿರಲಿಲ್ಲ. “ಹೆಣ್ಣಮಗಳ ಕೈಲೆ ಆಗತೈತೇನ್ರಿ ವೈನಿ?” ಎಂದ. “ನಾ ಅದೀನಲ್ಲ” ಎಂದೆ.

ಆಕೆ ಎಂಟು ದಿನ ತಯಾರಿ ಮಾಡಿದಳು. ಅಕ್ಷತೆ ಅಂದರೆ ಎರಡು ಸಾವಿರ ಮಂದಿ ಎಸೆಯುವ ಅರಿಷಿಣದ ಅಕ್ಕಿ. ಕ್ಯಾಮೆರಾದ ಸಂದಿಯೊಳಗೆ ಹೋದರೆ ಗತಿ ಏನು? ಅದಕ್ಕಾಗಿ ಬ್ಲೌಸಿನ ಉಳಿದ ತುಂಡು ಜೋಡಿಸಿ, ಒಳಗೆ ಹತ್ತಿಯ ಹಾಸು ಕೊಟ್ಟು, ಕೂಸಿನ ತಲೆಗೆ ಹಾಕುವಂಥ ಕುಂಚಿಗೆಯೊಂದನ್ನು ಕ್ಯಾಮೆರಾಗೆ ಹೊಲಿದಳು. ಲೆನ್ಸಿನ ಕಡೆಗೆ ಮಾತ್ರ ದುಂಡು ಕಿಂಡಿ. ಹಿಂದಿನಿಂದ ಸ್ಕ್ರೀನೂ ಕಾಣುತ್ತಿರಲಿಲ್ಲ, ಚಾಲೂ ಇದ್ದಾಗ ಮಿನುಗುವ ಕೆಂಪು ಚುಕ್ಕಿಯೂ ಕಾಣುತ್ತಿರಲಿಲ್ಲ. ಊರಿನ ಬೇರೆ ಯಾವ ಕ್ಯಾಮೆರಾದವನೂ ಇಂಥದ್ದು ಮಾಡುತ್ತಿರಲಿಲ್ಲ. ಅವರಿಗೆ ಹೊಲಿಯಲಿಕ್ಕೆ ಬರುತ್ತಿರಲಿಲ್ಲ.

ಮುಹೂರ್ತ ಹನ್ನೆರಡೂವರೆಗೆ. ಅಂತರಪಟ ಹಿಡಿದರು, ಮಂಗಳಾಷ್ಟಕ ಶುರುವಾಯಿತು. ಆಕೆ ಎದುರಿನ ಕಟ್ಟೆಯ ಮೇಲೆ ಟ್ರೈಪಾಡ್ ನಿಲ್ಲಿಸಿ, ಚಾಲೂ ಮಾಡಿ, ಕುಂಚಿಗೆ ತೊಡಿಸಿ, ಓಡುವ ಮಷೀನಿನ ಮೇಲೆ ಇಡುವ ಹಾಗೆ ಅದರ ಮೇಲೆ ಕೈಯಿಟ್ಟು ನಿಂತಳು. ಆದರೆ ಸಕ್ಕರೆ ಫ್ಯಾಕ್ಟರಿಯ ಚೇರ್ಮನ್ನರು ಬಂದಿರಲಿಲ್ಲ. ಅವರ ಕೈಯಿಂದ ಮೊದಲ ಅಕ್ಕಿಕಾಳು ಬೀಳದೆ ನಮ್ಮ ಕಡೆ ದೊಡ್ಡ ಮನೆಯ ಮದುವೆ ಮದುವೆಯಾಗುವುದಿಲ್ಲ.

“ಚೇರ್ಮನ್ ಸಾಹೇಬ್ರು ಮಾಂಜರಿ ಪುಲ್ ದಾಟ್ಯಾರ” ಎಂದು ಮೈಕಿನಲ್ಲಿ ಕೂಗಿದರು. ಅವರು ಬಂದು ಮುಟ್ಟುವ ತನಕ ಮಂಗಳಾಷ್ಟಕ ಎಳೆಯಬೇಕಲ್ಲ! ಮದುವೆ ಮಾಡಿಸುವ ಸ್ವಾಮಿಗಳದು ಮುಗಿಯಿತು. ಹುಡುಗಿಯ ಸೋದರತ್ತೆಯರು ಸಾಲಾಗಿ ಮೈಕಿಗೆ ಬಂದರು. ಒಬ್ಬಳು ಕನ್ನಡದಲ್ಲಿ, ಒಬ್ಬಳು ಮರಾಠಿಯಲ್ಲಿ, ಒಬ್ಬಳು ತಾನೇ ಕಟ್ಟಿದ್ದನ್ನು ಹಾಡಿದಳು. ಅಂತರಪಟ ಹಿಡಿದವರ ಕೈ ಜೋತುಬಿದ್ದು ಹುಡುಗ ಹುಡುಗಿ ಒಬ್ಬರಿಗೊಬ್ಬರು ಕಂಡೇಬಿಟ್ಟರು. “ಮ್ಯಾಲ ಎತ್ರೋ, ಈಗ ನೋಡಿದ್ರ ಆಮ್ಯಾಲ ಏನ್ ನೋಡತಾರ!” ಎಂದು ಯಾರೋ ಕೂಗಿದ್ದಕ್ಕೆ ಪೆಂಡಾಲೇ ನಕ್ಕಿತು. ನಾನೂ ನಕ್ಕೆ. ನಲವತ್ತು ನಿಮಿಷವಾದ ಮೇಲೆ ಚೇರ್ಮನ್ನರು ಬಂದರು. ಅಕ್ಷತೆ ಬಿತ್ತು. ಬ್ಯಾಂಡು ಮೊಳಗಿತು.

ಮರುದಿನ ಬೆಳಿಗ್ಗೆ ನಮ್ಮ ಟಿವಿಗೆ ಹಚ್ಚಿ ನೋಡಿದೆವು. ಮೂರನೆಯ ಅತ್ತೆಯ ಹಾಡಿನ ನಡುವೆ, ಹಾಡುವ ಬಾಯಿ ತೆರೆದಿರುವಾಗಲೇ, ಪರದೆ ಕಪ್ಪಾಯಿತು. ಮತ್ತೆ ಹಚ್ಚಿದೆವು. ಮತ್ತೆ ಅಲ್ಲಿಗೇ ನಿಂತಿತು. ಕೆಳಗಿನ ಅಂಕಿ ನನಗೆ ಕಂಡಿತು: 29:59. ಮಿರಜದ ಅಂಗಡಿಯ ಆ ಸಾಲು ಇಡಿಯಾಗಿ ಕಣ್ಣಿಗೆ ಕಟ್ಟಿತು.

ಆಕೆ ಕೆಳಗೆ ಕೂತುಬಿಟ್ಟಿದ್ದಳು. “ನನ್ನ ಕೈ ತಾಗಿ ಬಂದ್ ಆಗಿರಬೇಕ್ರಿ ಬಾಯಾರ. ಕುಂಚಿಗಿ ಸರಿಮಾಡೂ ಮುಂದ.”

ಆಗ ನಾನು ಬಾಯಿ ತೆರೆದೆ. ಹೇಳಲಿಕ್ಕೆಂದೇ ತೆರೆದೆ. ಹೊರಗೆ ಬಂದ ಮಾತು, “ಇರಬಹುದು.”

ಆ ಮೇಲಿನ ಒಂದು ವಾರ ಆಕೆ ಐನಾಪುರ, ಕಾಗವಾಡ, ಅಥಣಿ ಎಂದು ಮದುವೆಗೆ ಬಂದವರ ಮನೆಮನೆಗೂ ಬಸ್ಸಿನಲ್ಲಿ ತಿರುಗಿದಳು. ಅಕ್ಷತೆಯ ಹೊತ್ತಿನಲ್ಲಿ ಅವರು ಮೊಬೈಲಿನಲ್ಲಿ ಹಿಡಿದ ತುಣುಕುಗಳನ್ನು ಬೇಡಿ ತಂದಳು. ಒಂದರಲ್ಲಿ ಬರೀ ಬೆನ್ನು, ಒಂದರಲ್ಲಿ ಯಾರದೋ ತಲೆಯ ಪಟಕ, ಒಂದು ಅಡ್ಡ, ಒಂದು ಉದ್ದ. ಎಲ್ಲವನ್ನೂ ಜೋಡಿಸಿ ಅಕ್ಷತೆ ಬೀಳುವಂತೆ ಮಾಡಿದಳು. ಒಂದೂವರೆ ನಿಮಿಷ ಇತ್ತು. ಅದನ್ನು ಹಿಡಿದುಕೊಂಡು ಇಬ್ಬರೂ ಐನಾಪುರಕ್ಕೆ ಹೋದೆವು. ಬೀಗರೂ ಬಂದಿದ್ದರು. ಎಲ್ಲರೂ ಕೂಡಿ ನೋಡಿದರು.

“ಲಗ್ನದ ವಿಡಿಯೋ ಮಾಡಂದ್ರ ತುಂಡ ಜೋಡಿಸಿ ಕೌದಿ ಹೊಲದಾಳ!” ಎಂದಳು ಬೀಗಿತಿ. ಮಂದಿ ನಕ್ಕರು.

ಮೈದುನ ನಗಲಿಲ್ಲ. ಅಂಗಳಕ್ಕೆ ಬಂದು ಆಕೆಯ ಮುಂದೆ ನಿಂತ. “ನನ್ನ ಮಗಳ ಅಕ್ಷತಾ ಎಲ್ಲೈತಿ? ಎಲ್ಲಾರೂ ಹೇಳಿದ್ರು, ಬ್ಲೌಸ್ ಹೊಲಿಯಾಕಿಗೆ ಯಾಕ ಕೊಡತಿ ಅಂತ. ವೈನಿ ಅಂದ್ರು ಅಂತ ಕೊಟ್ಟೆ.”

“ನನ್ನ ಕೈ ತಪ್ರಿ, ಯಜಮಾನ್ರ” ಎಂದಳು ಆಕೆ. ನೆಲ ನೋಡುತ್ತ ಅಲ್ಲ, ನನ್ನನ್ನು ನೋಡುತ್ತ ಹೇಳಿದಳು.

ಮೈದುನ ನನ್ನ ಕಡೆ ತಿರುಗಿದ. ಮನೆಯ ಹೆಣ್ಣುಮಕ್ಕಳೆಲ್ಲ ಬಾಗಿಲಲ್ಲಿ ನಿಂತಿದ್ದರು. ಕಾನ್ವೆಂಟಿನಲ್ಲಿ ಕಲಿತ ದೊಡ್ಡ ಸೊಸೆ ನಾನು. ಆ ಮನೆಯಲ್ಲಿ ನನ್ನ ಮಾತು ಎಂದೂ ತಪ್ಪಾಗಿರಲಿಲ್ಲ. “ಏನ್ ಮಾಡೂದು, ಇನ್ನಾ ಹೊಸದಾಗಿ ಕಲ್ತಾಳ” ಎಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಕುಡಚಿಯ ಹೊಳೆ ದಾಟಿದ ಮೇಲೆ, “ನಿಮಗ ಗಾಳಿ ಭಾಳ ಬಡಿಯಾಕತ್ತಿಲ್ಲಲ್ರಿ?” ಎಂದು ಕೇಳಿದಳು.

ಮುಂದೆ ಹೇಳುವುದು ಬಹಳ ಇಲ್ಲ. ಅಕ್ಷತೆ ಕಳೆದವಳು ಎಂಬ ಮಾತು ಸಂತೆಯಿಂದ ಸಂತೆಗೆ ಹೋಯಿತು. ಮಂಗಳಕಾರ್ಯಕ್ಕೆ ಅಂಥ ಕೈ ಯಾರಿಗೆ ಬೇಕು? ಕುಡಚಿಯವರು ಒಂದೆರಡು ಸಲ ಕರೆದರು. ಅಷ್ಟರಲ್ಲಿ ಮಿರಜದಿಂದ ಇಬ್ಬರು ಹುಡುಗಿಯರು ಬರತೊಡಗಿದರು. ಆಕೆ ಕ್ಯಾಮೆರಾ ಮಾರಿದಳು. ಹೊಲಿಗೆಗೂ ಒಂದೇ ಮಷೀನು ಉಳಿದಿತ್ತು, ಗಿರಾಕಿಗಳು ಆ ವರ್ಷದಲ್ಲಿ ಬೇರೆ ಕಡೆ ರೂಢಿಯಾಗಿದ್ದರು. ಆಮೇಲೆ ಕಾಲು ಬಾತುಕೊಂಡವು. ಕಿಡ್ನಿ ಎಂದರು. ಚಿಕ್ಕೋಡಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾನು ಪಕ್ಕದ ಮನೆಯಲ್ಲಿದ್ದು ಗೋಡೆಯಾಚೆಯ ಆ ಒಂದೇ ಮಷೀನಿನ ಸಪ್ಪಳ ಕೇಳುತ್ತಿದ್ದೆ. ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂತು. ನನ್ನ ಬ್ಲೌಸುಗಳಿಗೆ ಆಕೆ ಕೊನೆಯವರೆಗೂ ಮೂವತ್ತಾರು ಎಂದೇ ಬರೆದಳು.

ಹೋದ ತಿಂಗಳು ಆಕೆಯನ್ನು ನೋಡಲಿಕ್ಕೆ ಆಸ್ಪತ್ರೆಗೆ ಹೋಗಿದ್ದೆ. ಆಕೆಯ ಗಂಡ ಔಷಧಿ ತರಲಿಕ್ಕೆ ಹೊರಗೆ ಹೋಗಿದ್ದ. ನಾವಿಬ್ಬರೇ ಇದ್ದೆವು.

“ನಿನಗ ಒಂದ್ ಮಾತ್ ಹೇಳೂದೈತಿ” ಎಂದೆ. “ಅವತ್ತ ಕ್ಯಾಮೆರಾ ನಿಂತದ್ದ ನಿನ್ನ ಕೈಯಿಂದ ಅಲ್ಲ. ಅರ್ಧ ತಾಸಿಗೆ ಅದು ತಾನ ನಿಂದರತಿತ್ತು. ಅಂಗಡ್ಯಾಗ ನಾ ಓದಿದ್ದೆ. ಓದಿ ಹೇಳಲಿಲ್ಲ.”

“ಗೊತ್ತೈತ್ರಿ” ಎಂದಳು.

“ಹೆಂಗ?” ಎಂದೆ.

“ಅಂಗಡ್ಯಾಗ ಓದೂ ಮುಂದ ನಿಮ್ಮ ಕೈಬಟ್ಟ ಎಲ್ಲಾ ಸಾಲಿನ ಮ್ಯಾಲ ಓಡಿತ್ರಿ. ಕಡೀ ಸಾಲಿನ ಮ್ಯಾಲ ನಿಂತ್ತು. ಏನೋ ಐತಿ ಅಂದಕೊಂಡೆ. ಬಾಯಾರು ಓದಿದ್ದಕ್ಕ ನಾ ಏನ್ ಕೇಳೂದು ಅಂತ ಬಿಟ್ಟೆ. ಐನಾಪುರದ ಲಗ್ನ ಆದ ವಾರದಾಗನ ಕುಡಚಿ ಕಾಲೇಜ್ ಹುಡುಗಿ ಕಡೆ ಅದ ಸಾಲ ಓದಿಸಿದೆ.”

“ಮತ್ತ ಯಾಕ ನನ್ನ ಕೇಳಲಿಲ್ಲ?”

ಆಕೆ ತುಟಿಯ ಮೂಲೆಯಿಂದಲೇ ಉಸಿರು ಬಿಟ್ಟಳು. “ನೀವ ಹೇಳತೀರಿ ಅಂತ ಕಾಯ್ದೆರಿ. ಯಜಮಾನ್ರ ಮುಂದ ಅಂಗಳದಾಗ ಹೇಳತೀರಿ ಅಂದಕೊಂಡೆ. ಆಮ್ಯಾಲ ಬಸ್ಸಿನ್ಯಾಗ. ಕ್ಯಾಮೆರಾ ಮಾರೂತನಾ ಕಾಯ್ದೆ. ಆಮ್ಯಾಲ ಬಿಟ್ಟೆ.”

ನಾನು ಆಕೆಯ ಕೈ ಹಿಡಿದುಕೊಂಡೆ. ಕ್ಷಮಿಸು ಎಂದೆ ಎಂದು ನೆನಪು, ಸಾರಿ ಎಂದೆನೋ ಏನೋ. ಆಕೆ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. “ಈಗ ನನಗ ಹೇಳಿ ಏನ್ ಮಾಡೂದೈತ್ರಿ. ನನಗ ಗೊತ್ತ ಇತ್ತಲ್ಲ” ಎಂದಳು. ನಾಲ್ಕು ದಿನಕ್ಕೆ ತೀರಿಕೊಂಡಳು.

ಆ ಮಾತಿನ ಅರ್ಥ ನನಗೆ ತಿಳಿಯಿತು. ಹೇಳಬೇಕಾದದ್ದು ಬೇರೆಯವರಿಗೆ. ಆಕೆಯ ದಿನಕರ್ಮ ಮುಗಿದ ಮರುದಿನ ಐನಾಪುರಕ್ಕೆ ಹೋದೆ. ಮೈದುನ ಶೆಡ್ಡಿನ ಮುಂದೆ ಒಣದ್ರಾಕ್ಷಿ ಆರಿಸುವವರ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ. ಹತ್ತಾರು ಹೆಣ್ಣುಮಕ್ಕಳಿದ್ದರು. ಇರಲಿ, ಎಲ್ಲರೂ ಕೇಳಲಿ ಎಂದು ನಿಂತೇ ಹೇಳಿದೆ. ಮಿರಜದ ಅಂಗಡಿ, ಹಾಳೆಯ ಆ ಸಾಲು, ನನ್ನ ಬೆರಳು, ಅಂಗಳದಲ್ಲಿ ಆಡಿದ ಮಾತು. ಏನೂ ಬಿಡಲಿಲ್ಲ. ಆಕೆಯದು ಒಂದೆಳೆಯ ತಪ್ಪೂ ಇರಲಿಲ್ಲ ಎಂದೆ.

ಮೈದುನ ಕನ್ನಡಕ ತೆಗೆದು ನನ್ನನ್ನು ನೋಡಿದ. ಅವನ ಹಣೆಯ ಮೇಲೆ ಗೆರೆ ಮೂಡಿತು. ಸಿಟ್ಟಿನ ಗೆರೆ ಅಲ್ಲ, ನೆನಪು ಮಾಡಿಕೊಳ್ಳುವವನ ಗೆರೆ.

“ಯಾವ ಟೇಲರ್ ರೀ ವೈನಿ?”

“ನಿಮ್ಮ ಮಗಳ ಲಗ್ನದಾಗ ವಿಡಿಯೋ ಮಾಡಿದಾಕಿ. ಅಕ್ಷತಾ ಬಂದಿರಲಿಲ್ಲಲ್ಲ.”

“ಬಂದಿರಲಿಲ್ಲೇನ?” ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. “ಆಗಿರಬೇಕ ಬಿಡ್ರಿ. ಅದನ್ನ ಯಾರ್ ತಗದ ನೋಡತಾರ? ಇಷ್ಟ ಬಿಸಲಾಗ ಇದಕ್ಕ ಬಂದ್ರೇನ? ಒಳಗ ಬರ್ರಿ, ಚಾ ಮಾಡಸ್ತೀನಿ.”

ನಾನು ಒಳಗೆ ಹೋಗಿ ಚಹಾ ಕುಡಿದೆ.